ಒಂದು ರೂಪಾಯಿಯ ಬೋಣಿ

ನನ್ನ ಮೊಬೈಲಿನ ಇಮೇಲ್ ಪೆಟ್ಟಿಗೆಯಲ್ಲಿ ನಾಲ್ಕು ತಾಲ್ಲೂಕುಗಳು ವಾಸವಾಗಿವೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಇದು ನಾನು ದಂಡೆತ್ತಿ ಹೋಗಿ ಗೆದ್ದ ರಾಜ್ಯವಲ್ಲ. ಅಂಗಡಿಯವರಿಗೆ, ನಿವೃತ್ತರಿಗೆ, ಸಣ್ಣಪುಟ್ಟ ಗುತ್ತಿಗೆ ಹಿಡಿಯುವವರಿಗೆ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಮನೆ ಮಧುಗಿರಿಯಲ್ಲಿ, ಉಳಿದ ಊರುಗಳಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಸವಾರಿ. ರಿಟರ್ನ್ ತುಂಬಬೇಕಾದರೆ ಇಮೇಲ್ ವಿಳಾಸ ಬೇಕು. "ನಿಮ್ಮ ಇಮೇಲ್ ಏನು?" ಎಂದು ಕೇಳಿದರೆ ನಮ್ಮ ಕಡೆಯವರು, ಜಾತಕದಲ್ಲಿರುವ ದೋಷವನ್ನು ಕೇಳಿದೆನೇನೋ ಎಂಬಂತೆ ಒಂದು ಗಳಿಗೆ ಗಂಭೀರರಾಗಿ, "ನಿಮ್ದೇ ಹಾಕ್ಬುಡಿ ಸಾರ್" ಎನ್ನುತ್ತಾರೆ. ಹಾಕಿಬಿಡುತ್ತಿದ್ದೆ. ಒಂದು ವಿಳಾಸಕ್ಕೆ ಇಂತಿಷ್ಟೇ ಜನ ಎಂದು ಇಲಾಖೆ ಕಟ್ಟುನಿಟ್ಟು ಮಾಡಿದ ಮೇಲೆ ವಿಳಾಸಗಳನ್ನೇ ಹೆಚ್ಚಿಸಿಕೊಂಡೆ.

ಹೀಗಾಗಿ ನಾಲ್ಕು ತಾಲ್ಲೂಕಿಗೆ ಬರುವ ಸರ್ಕಾರದ ಪತ್ರಗಳೂ ನನಗೇ ಬರುತ್ತವೆ, ಕಳ್ಳರ ಪತ್ರಗಳೂ ನನಗೇ ಬರುತ್ತವೆ. ಬೆಳಿಗ್ಗೆ ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, ನ್ಯಾಯಪೀಠ ಅಲಂಕರಿಸಿದವನ ಹಾಗೆ ಜಗುಲಿಯ ಕುರ್ಚಿಯಲ್ಲಿ ಕೂತು ಅವುಗಳ ವಿಚಾರಣೆ ನಡೆಸುತ್ತೇನೆ. ಕಳ್ಳರ ಪತ್ರವನ್ನು ಗುರುತಿಸುವುದು ಹೇಗೆ ಎಂದು ಜನ ಕೇಳುತ್ತಾರೆ. ನನ್ನ ಮೊದಲ ಕುರುಹು ಮರ್ಯಾದೆ. ಕಳ್ಳ ನನ್ನನ್ನು 'ಗೌರವಾನ್ವಿತ ತೆರಿಗೆದಾರರೇ' ಎನ್ನುತ್ತಾನೆ, ನನ್ನ ಪ್ರಾಮಾಣಿಕತೆಗೆ ವಂದಿಸುತ್ತಾನೆ, ರಿಫಂಡ್ ಮಂಜೂರಾಗಿರುವುದಕ್ಕೆ ಅಭಿನಂದಿಸುತ್ತಾನೆ. ಇಷ್ಟು ವರ್ಷ ತೆರಿಗೆಯ ಕೆಲಸ ಮಾಡಿದ ನನ್ನನ್ನು ನಿಜವಾದ ಇಲಾಖೆ ಒಮ್ಮೆಯೂ ಅಭಿನಂದಿಸಿಲ್ಲ. ಎರಡನೆಯದು ಅವಸರ. ಈ ದಿನ ಸಂಜೆಯೊಳಗೆ ಕೊಂಡಿ ಒತ್ತದಿದ್ದರೆ ರಿಫಂಡ್ ರದ್ದು ಎಂಬ ಬೆದರಿಕೆ. ಸರ್ಕಾರ ನನಗೆ ದುಡ್ಡು ಕೊಡಲು ಅವಸರಪಟ್ಟದ್ದನ್ನು ನಾನಂತೂ ಕಂಡಿಲ್ಲ. ಅಷ್ಟಾದ ಮೇಲೆ ಕಳಿಸಿದವನ ವಿಳಾಸದ ಬಾಲ ನೋಡುತ್ತೇನೆ. ತಲೆಯ ಕಡೆ ಇಲಾಖೆಯ ಹೆಸರಿದ್ದರೂ ಬಾಲದ ಕಡೆ ಯಾವುದೋ ದೇಶಾಂತರದ ಅಂಗಡಿಯ ಹೆಸರಿರುತ್ತದೆ. ಕೊನೆಗೆ ಕಾರ್ಡಿನ ನಂಬರು, ಪಿನ್ನು, ಓಟಿಪಿ ಕೇಳಿದರೆ ವಿಚಾರಣೆ ಮುಗಿದಂತೆ. ರಿಫಂಡ್ ಬರುವುದು ನಾವು ಮೊದಲೇ ಕೊಟ್ಟಿರುವ ಬ್ಯಾಂಕ್ ಖಾತೆಗೆ ನೇರವಾಗಿ. ಅದಕ್ಕೆ ಪಿನ್ನೂ ಬೇಡ, ಪುರೋಹಿತರೂ ಬೇಡ.

ಆಮೇಲೆ ಶಿಕ್ಷೆ. ಅಳಿಸಿ ಹಾಕುವುದು ಶಿಕ್ಷೆಯಲ್ಲ, ಕ್ಷಮಾದಾನ. ನಾನು ಒಂದೊಂದನ್ನೂ ಇಲಾಖೆ ಇದಕ್ಕೆಂದೇ ಇಟ್ಟಿರುವ ವಿಳಾಸಕ್ಕೆ ರವಾನಿಸಿ, ಇಮೇಲಿನಲ್ಲಿ ಮೋಸದ ಪತ್ರವೆಂದು ಗುರುತು ಹಾಕಿ, ಆಮೇಲೆ ಎರಡನೇ ಲೋಟ ಕಾಫಿ ಕೇಳುತ್ತೇನೆ.

"ಕಳ್ಳರ ಕಾಗದ ಓದೋಕೆ ಇಷ್ಟು ಶ್ರದ್ಧೆ! ನಮ್ಮ ತವರಿಂದ ಬರ್ತಿದ್ದ ಕಾಗದ ಒಂದನ್ನಾದ್ರೂ ಪೂರ್ತಿ ಓದಿದ್ರಾ?" ಎಂದು ನನ್ನ ಹೆಂಡತಿ ಕೇಳಿದ್ದುಂಟು. ಆ ಪತ್ರಗಳಲ್ಲೂ ಅಭಿನಂದನೆ ಇರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಸಿರಾದ ವಿಷಯ. ಅಲ್ಲಿ ನನಗೊಂದು ಶಾಖಾ ಕಚೇರಿಯಿದೆ. ಕಚೇರಿ ಎಂದರೆ ಬಜಾರಿನ ಒಂದು ಹಾಸಿಗೆ ಅಂಗಡಿಯ ಮೂಲೆ. ಪೀಠ ಎಂದರೆ ಮಾರಾಟವಾಗದೆ ಒಂದರ ಮೇಲೊಂದು ಪೇರಿಸಿಟ್ಟ ಹಾಸಿಗೆಗಳು. ವ್ಯಾಪಾರ ಇಲ್ಲದ ದಿನಗಳಲ್ಲಿ ನಾನು ಸೂರಿನ ಹತ್ತಿರ ಕೂತಿರುತ್ತೇನೆ, ಕಕ್ಷಿದಾರರು ಕತ್ತು ಮೇಲೆತ್ತಿ ತೆರಿಗೆಯ ಸಂದೇಹ ಕೇಳುತ್ತಾರೆ. ಮದುವೆಯ ಕಾಲದಲ್ಲಿ ಹಾಸಿಗೆ ಖರ್ಚಾದಂತೆ ನಾನೂ ಕೆಳಗಿಳಿಯುತ್ತೇನೆ. ಅಂಗಡಿಯ ಯಜಮಾನರು ನನ್ನ ಓರಗೆಯವರು, ತಾತನ ಕಾಲದಿಂದ ಅರಳೆ ಹಿಂಜುವ ಮನೆತನ. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರು ನನ್ನನ್ನು ಸಾರ್ ಎನ್ನುತ್ತಾರೆ. ಇದರಲ್ಲಿ ಯಾರು ಮೇಲೆ ಎಂಬುದು ಹಾಸಿಗೆಯ ಎತ್ತರವನ್ನು ಅವಲಂಬಿಸಿದೆ. ಅಂಗಡಿಯ ಹಿಂಭಾಗಕ್ಕೆ ಒಂದು ಪರದೆ. ಅದರ ಹಿಂದೆ ಭಾಯ್ ಅವರ ಹೆಂಡತಿ ದಬ್ಬಳ ಹಿಡಿದು ಹಾಸಿಗೆ ಹೊಲಿಯುತ್ತಾರೆ. ಅವರನ್ನು ಬಜಾರಿನವರೆಲ್ಲ ಭಾಬಿ ಎಂದೇ ಕರೆಯುವುದು. ಪರದೆ ಇರುವುದು ಅರಳೆಯ ದೂಳು ಮುಂದೆ ಬಾರದಿರಲಿ ಎಂದು. ಭಾಬಿಯ ಮಾತನ್ನು ಅದು ಎಂದೂ ತಡೆದಿಲ್ಲ.

ಭಾಯ್ ಬೋಣಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಮೊದಲು ದುಡ್ಡು ಕೊಟ್ಟವನು ಬೋಣಿ ಮಾಡಿದವನು. ಅವನನ್ನು ಬರಿಗೈಲಿ ಕಳಿಸುವಂತಿಲ್ಲ, ಅವನಿಗೆ ಇಲ್ಲ ಎನ್ನುವಂತಿಲ್ಲ. ಇದು ಸಿರಾ ಬಜಾರಿನ ಎಲ್ಲ ಮತದವರೂ ಒಪ್ಪಿದ ಒಂದೇ ಶಾಸ್ತ್ರ. ಒಮ್ಮೆ ಒಬ್ಬ ಆಸಾಮಿ ದಿಂಬೊಂದನ್ನು ಚೌಕಾಸಿ ಮಾಡಿ ಮಾಡಿ ಅರಳೆಯ ಬೆಲೆಗಿಂತ ಕೆಳಗೆ ಇಳಿಸಿದಾಗಲೂ ಭಾಯ್ ಹಲ್ಲು ಕಚ್ಚಿಕೊಂಡು ಕೊಟ್ಟು, ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಫೋನಿನಲ್ಲಿ ದುಡ್ಡು ಹಾಕುವ ಕಾಲ ಬಂದಾಗ ಕಣ್ಣಿಗೊತ್ತಿಕೊಳ್ಳಲು ಏನೂ ಇಲ್ಲವಾಗಿ ಅವರಿಗೆ ಸಂಕಟವಾಯಿತು. ಆಮೇಲೆ, ದುಡ್ಡು ಬಂದಾಗ ಕೂಗಿ ಹೇಳುತ್ತದಲ್ಲ, ಆ ಪುಟ್ಟ ಡಬ್ಬಿ, ಸೌಂಡ್ ಬಾಕ್ಸು, ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಶುರುಮಾಡಿದರು. ಆ ಡಬ್ಬಿಯ ಗುಣವೊಂದನ್ನು ಇಲ್ಲಿ ಹೇಳಬೇಕು. ದುಡ್ಡು ಬಂದರೆ ಇಡೀ ಬೀದಿಗೆ ಸಾರುತ್ತದೆ. ಹೋದರೆ ತುಟಿ ಪಿಟಕ್ ಎನ್ನುವುದಿಲ್ಲ.

ಅಂದು ಮದುವೆಯ ಕಾಲ ಇನ್ನೂ ಶುರುವಾಗಿರಲಿಲ್ಲ. ನಾನು ಸೂರಿನ ಹತ್ತಿರವೇ ಏರಿ ಕೂತಿದ್ದೆ. ಭಾಯ್ ಚಹಾ ತಂದು ಮೇಲಕ್ಕೆ ಕೊಟ್ಟರು. ಆಮೇಲೆ, ಹವಾಮಾನದ ವಿಷಯ ವಿಚಾರಿಸುವ ಹಾಗೆ ಕೇಳಿದರು:

"ಸಾರ್, ಈ ರಿಫಂಡ್ ಅನ್ನೋದು, ಮೊದ್ಲು ಹೋಗಿ ಆಮೇಲೆ ಬರುತ್ತಾ?"

ನನ್ನ ಕೈಲಿದ್ದ ಚಹಾ ಅಲ್ಲೇ ನಿಂತಿತು. "ಏನು ಹೋಯ್ತು ಭಾಯ್?"

"ಅಲ್ಲ, ಹೋಗಿ ಬರುತ್ತಾ ಅಂತ."

"ಭಾಯ್, ಏನು ಹೋಯ್ತು?"

ಹೋಗಿದ್ದು ಅರಳೆಯ ದುಡ್ಡು. ಮದುವೆಗಳು ಶುರುವಾಗುವ ಮುಂಚೆ ಒಂದು ಲಾರಿ ಅರಳೆ ಇಳಿಯಬೇಕು. ಆ ಲೋಡು ಇಳಿದರೆ ಅಂಗಡಿಗೆ ವರ್ಷದ ಸಂಪಾದನೆ, ಇಳಿಯದಿದ್ದರೆ ಏನೂ ಇಲ್ಲ. ಅದಕ್ಕೆಂದು ಗಂಡ ಹೆಂಡತಿ ಖಾತೆಯಲ್ಲಿ ಕೂಡಿಟ್ಟಿದ್ದದ್ದು ಅಂದು ಬೆಳಿಗ್ಗೆ ಖಾಲಿಯಾಗಿತ್ತು.

ನಡೆದದ್ದು ಇಷ್ಟು. ಹಿಂದಿನ ದಿನ ಭಾಯ್ ಫೋನಿಗೆ, ಅದರಲ್ಲಿ ಇದೆ ಎಂದು ಅವರಿಗೇ ಸರಿಯಾಗಿ ಗೊತ್ತಿಲ್ಲದ ಇಮೇಲಿಗೆ, ರಿಫಂಡ್ ಮಂಜೂರಾಗಿದೆ ಎಂಬ ಪತ್ರ ಬಂದಿತ್ತು. ಅವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಹಾಸ್ಟೆಲಿಗೆ ಹಾಸಿಗೆ ಹೊಲಿದುಕೊಟ್ಟ ಬಿಲ್ಲಿನಲ್ಲಿ ಮೊದಲೇ ತೆರಿಗೆ ಹಿಡಿದುಕೊಂಡಿದ್ದರು. ಅದು ವಾಪಸ್ ಬರುವುದಿತ್ತು, ನಾನೇ ಅರ್ಜಿ ಹಾಕಿದ್ದೆ. ಕಾಯುತ್ತಿದ್ದವರ ಮನೆಗೇ ಕಳ್ಳ ಬಂದಿದ್ದ. ಅಂದು ಬೆಳಿಗ್ಗೆ ಶಟರ್ ಎತ್ತಿ ಲೋಬಾನದ ಹೊಗೆ ಹಾಕುವಷ್ಟರಲ್ಲಿ ಫೋನೂ ಬಂತು.

"ಸಲಾಂ ಹೇಳ್ದ ಸಾರ್," ಎಂದರು ಭಾಯ್. "ಉರ್ದುನಲ್ಲಿ ಎಂಥಾ ತಮೀಜು ಅಂತೀರಿ! ನಮ್ಮ ಮನೇಲೇ ನನ್ನ ಯಾರೂ ಅಷ್ಟು ಮರ್ಯಾದೆಯಾಗಿ ಮಾತಾಡ್ಸಲ್ಲ."

ಪರದೆಯ ಹಿಂದೆ ದಬ್ಬಳದ ಸದ್ದು ನಿಂತಿತು.

"ನಿಮ್ ಖಾತೆ ಸರಿಯಾಗೈತಾ ನೋಡೋಕೆ ಒಂದು ರೂಪಾಯಿ ಹಾಕ್ತೀನಿ ಅಂದ. ಹಾಕ್ದ. ಡಬ್ಬಿ ಕೂಗ್ತು. ಇವತ್ತಿಂದು ಮೊದಲ್ನೇ ದುಡ್ಡು ಸಾರ್ ಅದು. ಬೋಣಿ! ಆಮೇಲೆ ಅವನು ಕಾರ್ಡ್ ನಂಬರ್ ಕೇಳ್ದ. ಬೋಣಿ ಮಾಡಿದೋನಿಗೆ ಹೆಂಗ್ ಇಲ್ಲ ಅನ್ಲಿ? ಓಟಿಪಿ ಕೇಳ್ದ. ಅದನ್ನೂ ಕೊಟ್ಬುಟ್ಟೆ."

ಮೋಸಗಾರರು ಭಯದಿಂದ ಗೆಲ್ಲುತ್ತಾರೆ, ಆಸೆಯಿಂದ ಗೆಲ್ಲುತ್ತಾರೆ ಎಂದು ನಾನು ಊರೂರಿಗೆ ಹೇಳಿಕೊಂಡು ಬರುತ್ತಿದ್ದೆ. ಶಾಸ್ತ್ರದಿಂದ ಗೆದ್ದವನನ್ನು ಕಂಡದ್ದು ಅದೇ ಮೊದಲು. ಆ ಖದೀಮನಿಗೆ ಬೋಣಿಯ ಮಾತು ಗೊತ್ತಿದ್ದಿರಲಾರದು. ಅವನು ಒಂದು ರೂಪಾಯಿ ಎಸೆದದ್ದು ನಂಬಿಕೆ ಹುಟ್ಟಿಸಲು. ಬಿದ್ದದ್ದು ಮಾತ್ರ ಸಿರಾ ಬಜಾರಿನ ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ.

ನಾನು ಹಾಸಿಗೆಗಳ ಮೇಲಿನಿಂದ ನನ್ನ ವಯಸ್ಸಿಗೆ ಒಪ್ಪದ ವೇಗದಲ್ಲಿ ಇಳಿದೆ. "ಫೋನ್ ತಗೊಳ್ಳಿ ಭಾಯ್. ಸೈಬರ್ ಸಹಾಯವಾಣಿಗೆ ಈಗಲೇ ಹೇಳಬೇಕು. ದುಡ್ಡು ಖಾತೆಯಿಂದ ಖಾತೆಗೆ ನೆಗೀತಾ ಹೋಗುತ್ತೆ. ಬೇಗ ಹೇಳಿದ್ರೆ ಎಲ್ಲಾದ್ರೂ ನಡುವೆ ತಡೆ ಹಾಕ್ತಾರೆ. ತಡ ಆದ್ರೆ ತಡೆಯೋಕೆ ಅಲ್ಲೇನೂ ಇರಲ್ಲ."

ಭಾಯ್ ಫೋನ್ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಶಟರನ್ನು ಅರ್ಧಕ್ಕೆ ಎಳೆದರು.

"ಬೇಡ ಸಾರ್. ಬಜಾರಿಗೆ ಗೊತ್ತಾಗುತ್ತೆ. ಲೋಡ್ ಕೊಡೋನಿಗೆ ಗೊತ್ತಾಗುತ್ತೆ. ಖಾತೆ ಖಾಲಿ ಅಂದ್ರೆ ಒಂದು ಮೂಟೆ ಅರಳೆ ಉದ್ರಿ ಕೊಡ್ತಾನಾ ಅವನು? ಹೋಗಿದ್ದು ಹೋಯ್ತು. ಇಜ್ಜತ್ ಆದ್ರೂ ಇರ್ಲಿ."

ಅಲ್ಲಿ ಅವರೊಂದು ತಪ್ಪು ಮಾಡಿದರು. ನಮ್ಮ ಕಡೆಯ ಬಜಾರಿನಲ್ಲಿ ಹಗಲುಹೊತ್ತು ಶಟರನ್ನು ಅರ್ಧಕ್ಕೆ ಇಳಿಸಿದರೆ ಅದಕ್ಕೆ ಒಂದೇ ಅರ್ಥ: ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ನಾವಿಬ್ಬರೂ ಅರ್ಧ ಕತ್ತಲೆಯಲ್ಲಿ ಇನ್ನೂ ವಾದ ಮಾಡುತ್ತಿರುವಾಗಲೇ ಪಕ್ಕದ ಪಾತ್ರೆ ಅಂಗಡಿಯವನು ಸೊಂಟ ಬಗ್ಗಿಸಿ ಶಟರಿನ ಕೆಳಗಿಂದ ತಲೆ ಹಾಕಿದ. ಮುಖದಲ್ಲಿ ಆಗಲೇ ಶೋಕ.

"ಯಾರ್ ಹೋದ್ರು ಭಾಯ್?"

"ಯಾರೂ ಹೋಗಿಲ್ಲ."

"ನನ್ನತ್ರನೂ ಮುಚ್ಚಿಡ್ತೀಯಲ್ಲ. ಬೆಂಗ್ಳೂರಲ್ಲಿದ್ರಲ್ಲ, ನಿಮ್ ದೊಡ್ಡಪ್ಪ, ಅವ್ರಾ?"

"ಅವರು ಗಟ್ಟಿಯಾಗವ್ರೆ. ಹೋಗ್ಲಾ ನೀನು."

ಅವನ ಹಿಂದೆ ಇನ್ನೂ ನಾಲ್ಕಾರು ಜೋಡಿ ಕಾಲುಗಳು ಬಂದು ನಿಂತಿದ್ದು ಶಟರಿನ ಕೆಳಗಿಂದ ಕಾಣುತ್ತಿತ್ತು. ಯಾರೋ ಬಗ್ಗಿ ಇಣುಕಿ, ಟೋಪಿ ಸರಿಮಾಡಿಕೊಂಡು ಸತ್ತವರಿಗಾಗಿ ದುಆ ಹೇಳಲು ಸಿದ್ಧರಾಗುತ್ತಿದ್ದರು. ಆಗ ಪರದೆ ಸರಿಯಿತು. ಭಾಬಿ ಹೊರಗೆ ಬಂದರು. ಒಂದು ಕೈಯಲ್ಲಿ ದಬ್ಬಳ, ತಲೆಯ ಸೆರಗಿನ ಮೇಲೆಲ್ಲ ಅರಳೆಯ ಎಳೆ. ಗಂಡನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರ ಹೋಗಿ ಶಟರಿಗೆ ಕೈಹಾಕಿ ಒಂದೇ ಎಳೆತಕ್ಕೆ ಪೂರ್ತಿ ಮೇಲೆತ್ತಿದರು. ಬಿಸಿಲು ಒಳಗೆ ಬಂತು, ಜನರೂ ಬಂದರು.

"ದುಡ್ಡು ಹೋಗೈತೆ," ಎಂದರು ಭಾಬಿ ಬೀದಿಗೆ. "ಮನುಷ್ಯರೆಲ್ಲಾ ಇದೀವಿ. ಹೋಗಿ ನಿಮ್ ನಿಮ್ ಅಂಗಡಿ ನೋಡ್ಕೊಳ್ಳಿ."

ಯಾರೂ ಹೋಗಲಿಲ್ಲ. ಸಾವಿಗಿಂತ ಇದು ಚೆನ್ನಾಗಿರುವಂತೆ ಕಂಡಿತು.

ಭಾಬಿ ಗಂಡನ ಕೈಯಿಂದ ಫೋನ್ ಕಿತ್ತುಕೊಂಡು ನನ್ನ ಕಡೆ ಚಾಚಿದರು. ನಾನು ನಂಬರು ಒತ್ತಿ ಕೊಟ್ಟೆ. ಆ ಕಡೆಯಿಂದ ಯಾರೋ ಹುಡುಗಿ ಮಾತಾಡಿದಳು. ಭಾಬಿ ಅಂಗಡಿಯ ನಡುವೆ ನಿಂತು, ಅರಳೆ ಹಿಂಜುವ ಮಷೀನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲಿನಲ್ಲಿ, ಮೊದಲಿಂದ ಹೇಳಲು ಶುರುಮಾಡಿದರು. ಪತ್ರ ಬಂದದ್ದು, ಸಲಾಂ ಹೇಳಿದ್ದು, ಕಾರ್ಡಿನ ನಂಬರು ಕೊಟ್ಟದ್ದು, ಓಟಿಪಿ ಕೊಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೂ ನಮ್ಮ ಭಾಯ್ ಅವರ ಖಾತೆಯ ಸ್ಥಿತಿ ಮನದಟ್ಟಾಗಿರಬೇಕು.

ಪಾತ್ರೆ ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಮೆಲ್ಲಗೆ ಭಾಬಿ, ರೋಡಿಗೆಲ್ಲಾ ಕೇಳ್ತೈತೆ."

ಭಾಬಿ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದು, ದಬ್ಬಳವನ್ನು ಅವನ ಕಡೆ ತೋರಿಸಿದರು. "ಕೇಳ್ಲಿ. ಕದ್ದೋನು ಮೆಲ್ಲಗೆ ಮಾತಾಡ್ಲಿ. ನಾನ್ಯಾಕಣ್ಣ ಪಿಸಪಿಸ ಅನ್ಲಿ? ನಾನೇನ್ ಕದ್ದಿದೀನಾ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನು, ದಬ್ಬಳ ನನ್ನ ಕಡೆ ತಿರುಗದಿದ್ದರೂ, ಒಂದು ಹೆಜ್ಜೆ ಸರಿದೆ.

ಸಹಾಯವಾಣಿಯ ಹುಡುಗಿ, ಬಂದ ಪತ್ರವನ್ನು ಜೋಪಾನವಾಗಿ ಇಟ್ಟಿದ್ದೀರಾ ಎಂದು ಕೇಳಿದಳಂತೆ. ಭಾಯ್ ತಲೆ ತಗ್ಗಿಸಿದರು. ನಾಚಿಕೆಯಲ್ಲಿ ಅದನ್ನು ಅಳಿಸಿ ಹಾಕಿಬಿಟ್ಟಿದ್ದರು. "ಆಹಾ," ಎಂದರು ಭಾಬಿ, "ಕಳ್ಳ ಮನೆ ದೋಚ್ಕೊಂಡ್ ಹೋದ. ಇವ್ರು ಅವನ ಹೆಜ್ಜೆ ಗುರ್ತು ಗುಡಿಸಿ, ಸಾರ್ಸಿ, ರಂಗೋಲಿ ಹಾಕವ್ರೆ." ಅಳಿಸಿದ ಇಮೇಲು ಕೂಡಲೇ ಎಲ್ಲಿಗೂ ಹೋಗುವುದಿಲ್ಲ. ಅದರ ಕಸದ ಬುಟ್ಟಿಯಲ್ಲಿ, ನಮ್ಮೂರುಗಳ ಬೀದಿ ಕಸದ ಹಾಗೆ, ಬಹಳ ದಿನ ಬಿದ್ದಿರುತ್ತದೆ. ತೆಗೆದುಕೊಟ್ಟೆ. 'ಗೌರವಾನ್ವಿತ ತೆರಿಗೆದಾರರೇ' ಎಂದೇ ಶುರುವಾಗಿತ್ತು.

ಇನ್ನೊಂದು ಪ್ರಶ್ನೆ ಬಂತು: ಖಾತೆಗೆ ಏನಾದರೂ ಜಮಾ ಆಗಿತ್ತಾ? ಭಾಬಿ ಗಂಡನ ಮುಖ ನೋಡಿದರು. ಭಾಯ್ ಎರಡೂ ಕೈ ಆಡಿಸಿ ಬೇಡ ಬೇಡ ಎಂದರು.

"ಬೋಣಿ ಮೇಲೆ ಫಿರ್ಯಾದು ಬರೆಸ್ಬೇಡಿ. ಅಂಗಡಿಗೆ ಬರ್ಕತ್ ಇರಲ್ಲ." ಇಷ್ಟೆಲ್ಲ ಹೋದ ಮೇಲೂ ಆ ಒಂದು ರೂಪಾಯಿಯ ಮಾನ ಅವರಿಗೆ ದೊಡ್ಡದಾಗಿತ್ತು. ಗದ್ದಲದಲ್ಲಿ ಆ ರೂಪಾಯಿ ದೂರಿನಿಂದ ಹೊರಗೆ ಉಳಿಯಿತು. ಬ್ಯಾಂಕಿಗೆ ಓಡಿ ಕಾರ್ಡ್ ನಿಲ್ಲಿಸಿದೆವು, ಪೋರ್ಟಲಿನಲ್ಲಿ ದೂರು ತುಂಬಿದೆವು, ಸ್ಟೇಷನ್ನಿಗೂ ಬರೆದುಕೊಟ್ಟೆವು. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದುಕೊಂಡು ಮತ್ತೆ ಸ್ಟೇಷನ್ನಿಗೆ ಹೋಗುವ ಹೊತ್ತಿಗೆ ಕೆಲವು ದಿನ ಕಳೆದಿದ್ದವು. ಕಾನ್‌ಸ್ಟೇಬಲ್ ಅದರ ಮೇಲೆ ಬೆರಳಿಟ್ಟ.

"ಇದೇನ್ರೀ ಒಂದು ರೂಪಾಯಿ ಬಂದಿರೋದು?"

"ಬೋಣಿ ಸಾರ್," ಎಂದರು ಭಾಯ್.

ಅವನು ಭಾಯ್ ಮುಖವನ್ನೂ ನನ್ನ ಮುಖವನ್ನೂ ಸಾವಕಾಶವಾಗಿ ನೋಡಿದ. "ಸಾಬ್ರೇ, ದುಡ್ಡು ಹೋದ ಖಾತೆ ಎಷ್ಟು ಮುಖ್ಯನೋ ಬಂದ ಖಾತೆನೂ ಅಷ್ಟೇ ಮುಖ್ಯ. ಅದೂ ಅವನ ಕೈಲಿರೋದೇ ಅಲ್ವಾ? ಆವತ್ತೇ ಹೇಳಿದ್ರೆ ಅದಕ್ಕೂ ಬೀಗ ಹಾಕ್ಬೋದಿತ್ತು. ಈಗ ಅದ್ರಾಗೆ ನೊಣನೂ ಇರಲ್ಲ."

ಅಂಗಡಿಯ ಹತ್ತಿರ ಬಂದ ಮೇಲೆ ಭಾಯ್, "ನಾನೇ ಅವನಿಗೆ ಕಾವಲು ನಿಂತಂಗಾಯ್ತು," ಎಂದರು ಅಷ್ಟೇ.

ಬೇಗ ಹೇಳಿದ್ದರಿಂದ ದುಡ್ಡಿನಲ್ಲಿ ಒಂದು ಭಾಗ ನಡುವೆ ಯಾವುದೋ ಖಾತೆಯಲ್ಲಿ ಸಿಕ್ಕಿಹಾಕಿಕೊಂಡಿತು. ಸಿಕ್ಕಿತು ಎಂದರೆ ಕೈಗೆ ಬಂತು ಎಂದಲ್ಲ. ಅದಕ್ಕೆ ಅರ್ಜಿ, ಕೋರ್ಟು, ಆದೇಶ ಎಂಬ ತೀರ್ಥಯಾತ್ರೆ ಬಾಕಿ ಇತ್ತು. ಇತ್ತ ಭಾಯ್ ಹೆದರಿದ್ದೂ ನಿಜವಾಯಿತು. ಲೋಡ್ ಕೊಡುವವನಿಗೆ ಸುದ್ದಿ ಮುಟ್ಟಿತು, ದುಡ್ಡು ಕೈಗೆ ಬಾರದೆ ಲಾರಿ ಹತ್ತಿಸುವುದಿಲ್ಲ ಎಂದುಬಿಟ್ಟ. "ನಾನು ಹೇಳ್ಲಿಲ್ವಾ?" ಎಂದು ಭಾಯ್ ಹೆಂಡತಿಯನ್ನು ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ನಾನು ಮೇಲಿನಿಂದ ಸೂರು ನೋಡಿದೆ.

"ಹೇಳಿದ್ರಿ," ಎಂದರು ಭಾಬಿ. "ಬಾಯ್ ಮುಚ್ಕೊಂಡಿದ್ರೆ ಈಗ ಸಿಕ್ಕಿರೋ ಅಷ್ಟೂ ಸಿಕ್ತಿರ್ಲಿಲ್ಲ. ಅರಳೆ ಇಲ್ಲ ಅಂದ್ರೆ ಇಲ್ಲ. ಊರಲ್ಲಿ ಹಳೇ ಹಾಸಿಗೆ ಇಲ್ವಾ?"

ಗಂಟು ಕಟ್ಟಿದ ಹಳೇ ಹಾಸಿಗೆಯನ್ನು ಬಿಚ್ಚಿ, ಅರಳೆಯನ್ನು ಮತ್ತೆ ಹಿಂಜಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದುಕೊಡುವುದು ಅವರ ಮನೆತನದ ಹಳೆಯ ಕೆಲಸ. ಹೊಸ ಹಾಸಿಗೆಯ ವ್ಯಾಪಾರ ಬಂದ ಮೇಲೆ ಭಾಯ್ ಅದನ್ನು ಕಮ್ಮಿ ಎಂದು ಬಿಟ್ಟಿದ್ದರು. ಅದಕ್ಕೆ ಲಾರಿಯ ಅರಳೆ ಬೇಡ, ಗಿರಾಕಿಯೇ ತರುತ್ತಾನೆ. ಭಾಬಿ ಒಂದು ಆಟೋಗೆ ಮೈಕು ಕಟ್ಟಿಸಿ ಸುತ್ತಲ ಹಳ್ಳಿಗಳಲ್ಲಿ ಕೂಗಿಸಿದರು. ಕುರಿ ಮೇಯಿಸುವವರು ಕಂಬಳಿಯಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ಹೇರಿ ಹಳೇ ಹಾಸಿಗೆ ತಂದರು. ಮಷೀನು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ತಿರುಗಿತು. ಮುಂದಿನ ವಾರ ನಾನು ಹೋದಾಗ ನನ್ನ ಪೀಠವೇ ಇರಲಿಲ್ಲ. ಅದನ್ನೂ ಬಿಚ್ಚಿ ಹಿಂಜಿ ಎರಡು ಮದುವೆಗಳಿಗೆ ಮಾರಿದ್ದರು. ನಾನು ಚಾಪೆಯ ಮೇಲೆ ಕೂತು ತೆರಿಗೆದಾರರನ್ನು ಕತ್ತೆತ್ತಿ ನೋಡಬೇಕಾಯಿತು. ಪದಚ್ಯುತನಾದ ಮೇಲೆ ಲೋಕ ಬೇರೆಯಾಗಿ ಕಾಣುತ್ತದೆ.

ಆ ಚಾಪೆಯ ಮೇಲೆಯೇ ಒಂದು ದಿನ ಪಾತ್ರೆ ಅಂಗಡಿಯವನು ಬಂದು ನನ್ನ ಪಕ್ಕ ಕೂತ. ಆಮೇಲೆ ನನ್ನ ಕಿವಿಗೆ ಬಾಯಿಟ್ಟ. ಅವನಿಗೆ ಹೋದ ವರ್ಷ ಜಿಎಸ್‌ಟಿ ನೋಟಿಸು ಎಂದು ಇಮೇಲ್ ಬಂದಿತ್ತಂತೆ. ದಂಡ ಕಟ್ಟದಿದ್ದರೆ ಅಂಗಡಿ ಸೀಲು ಎಂದಿತ್ತಂತೆ. ಕಟ್ಟಿಬಿಟ್ಟಿದ್ದ. ಹೆಂಡತಿಗೂ ಹೇಳಿರಲಿಲ್ಲ.

"ಈಗ ಹೇಳಿದ್ರೆ ಪ್ರಯೋಜನ ಐತಾ ಸಾರ್?"

"ದುಡ್ಡು ಬರುತ್ತೆ ಅಂತ ಹೇಳಲಾರೆ. ದೂರು ಕೊಡೋಣ. ಅದೇ ಖಾತೆಗೆ ಇನ್ನೆಷ್ಟು ಜನ ಕಟ್ಟಿದ್ದಾರೋ."

ಪರದೆಯ ಹಿಂದಿನಿಂದ ದನಿ ಬಂತು. "ಜೋರಾಗ್ ಹೇಳಣ್ಣ, ಒಳಗೆ ಕೇಳಿಸ್ತಿಲ್ಲ."

ಅವನ ಕಿವಿ ಕೆಂಪಾಯಿತು. ಆದರೆ ಹೇಳಿದ. ಮೊದಲ ಸಲ ಸ್ವಲ್ಪ ಮೆಲ್ಲಗೆ; ಎರಡನೇ ಸಲ, ಭಾಬಿ "ಹಾಂ?" ಎಂದ ಮೇಲೆ, ಬೀದಿಗೆ ಕೇಳುವ ಹಾಗೆ. ಅಂದು ಸಂಜೆಯೊಳಗೆ ಬಜಾರಿನ ಇನ್ನಿಬ್ಬರು ನನ್ನ ಚಾಪೆ ಹುಡುಕಿಕೊಂಡು ಬಂದರು. ಭಾಯ್ ಒಬ್ಬರೇ ದಡ್ಡರು ಎಂದು ನಗುತ್ತಿದ್ದ ಬೀದಿಯಲ್ಲಿ ದಡ್ಡತನ ಹೀಗೆ ಸಮಪಾಲಾಗಿ ಹಂಚಿಹೋಯಿತು.

ಭಾಬಿ ನನಗೂ ಒಂದು ಅಪ್ಪಣೆ ಕೊಟ್ಟರು. "ನೀವು ಊರೂರು ತಿರುಗ್ತೀರಲ್ಲ ಸಾರ್, ಎಲ್ಲಾ ಕಡೆ ಹೇಳಿ. ಯಾರೋ ಒಬ್ರು ಅನ್ಬೇಡಿ. ಸಿರಾ ಹಾಸಿಗೆ ಅಂಗಡಿಯೋರು ಅಂತಾನೇ ಹೇಳಿ." ಹೆಸರನ್ನೂ ಹಾಕಿ ಎಂದಿದ್ದರು. ಕಕ್ಷಿದಾರರ ಹೆಸರು ಬಾಯಿಬಿಡದಿರುವುದು ನನ್ನ ಕಸುಬಿನ ಮಡಿ. ಅಲ್ಲಿ ಮಾತ್ರ ಅವರ ಮಾತು ಮೀರಿದ್ದೇನೆ.

ಹೇಳುತ್ತ ಹೋದೆ. ಕೊರಟಗೆರೆಯಲ್ಲಿ ಹೇಳಿದೆ, ಮಧುಗಿರಿಯಲ್ಲಿ ಹೇಳಿದೆ. ಪಾವಗಡದ ಆಚೆ ಬಲಸಮುದ್ರದಲ್ಲಿ, ಸೋಲಾರ್ ವಿದ್ಯುತ್ ಕಂಪನಿಗೆ ಜಮೀನು ಗುತ್ತಿಗೆ ಕೊಟ್ಟ ರೈತನೊಬ್ಬನ ಮನೆಯ ಮುಂದೆ ಕೂತು ಹೇಳಿದೆ. ಎದುರಿಗೆ ಕಣ್ಣು ಹಾಯುವವರೆಗೂ ಗಾಜಿನ ಹಲಗೆಗಳು ಸೂರ್ಯನಿಗೆ ಮುಖ ಕೊಟ್ಟು ನಿಂತಿದ್ದವು. ಸಲಾಂ ಹೇಳಿದ ಕಳ್ಳನ ಪ್ರಸಂಗಕ್ಕೆ ನಾನು ಬರುವ ಹೊತ್ತಿಗೆ ಆತ ಒಳಗೆ ಹೋಗಿ ಫೋನ್ ತಂದ.

"ನಾಕೂ ವಚ್ಚಿಂದಿ ಸಾರ್, ನಂಗೂ ಬಂದೈತೆ ಇದೇ ಕಾಗ್ದ! ಚೂಡಂಡಿ, ನೋಡಿ. ಗುತ್ತಿಗೆ ದುಡ್ಡಿಗೆ ಟ್ಯಾಕ್ಸ್ ಹಿಡ್ದವ್ರಲ್ಲ, ಅದೇ ವಾಪಸ್ ಬಂದೈತೆ ಅನ್ಕೊಂಡಿದ್ದೆ. ನಮಸ್ಕಾರಮಂಡಿ ಅಂತ ಫೋನೂ ಮಾಡಿದ್ರು. ನಾಳೆ ಮಾಡು ಅಂದಿದೀನಿ."

ಇಲ್ಲಿ ತೆಲುಗಿನಲ್ಲಿ ನಮಸ್ಕಾರ, ಅಲ್ಲಿ ಉರ್ದುವಿನಲ್ಲಿ ಸಲಾಂ. ಕಳ್ಳರು ನಮ್ಮ ಗಡಿನಾಡನ್ನು ಚೆನ್ನಾಗಿಯೇ ಓದಿಕೊಂಡಿದ್ದರು. ಆ ಪತ್ರವನ್ನು ಅಳಿಸಲು ಬಿಡದೆ ಆತನ ಕೈಯಿಂದಲೇ ಇಲಾಖೆಗೆ ರವಾನೆ ಮಾಡಿಸಿದೆ, ಫೋನ್ ಮಾಡಿದ ನಂಬರನ್ನೂ ದೂರಿನಲ್ಲಿ ಬರೆಸಿದೆ. ಎಲ್ಲ ಮುಗಿದ ಮೇಲೆ ಆತ ಕೇಳಿದ್ದು ಒಂದೇ: "ಆ ಯಮ್ಮ ನಿಜವಾಗ್ಲೂ ರೋಡಿಗೆ ಕೇಳೋ ಹಂಗೇ ಹೇಳ್ಬುಟ್ರಾ?"

"ಬಸ್ ಸ್ಟ್ಯಾಂಡಿಗೆ ಕೇಳೋ ಹಾಗೆ," ಎಂದೆ.

ಮದುವೆಯ ಕಾಲ ಮುಗಿಯುತ್ತ ಬಂತು. ಹಳೇ ಹಾಸಿಗೆಗಳ ಕೂಲಿಯಿಂದ ಅಂಗಡಿ ಉಸಿರಾಡಿತು. ಹಾಸ್ಟೆಲ್ಲಿನ ಬಿಲ್ಲಿನ ನಿಜವಾದ ರಿಫಂಡ್, ಯಾವ ಅಭಿನಂದನೆಯೂ ಇಲ್ಲದೆ, ಒಂದು ದಿನ ತಾನಾಗಿಯೇ ಖಾತೆಗೆ ಬಂದು ಬಿತ್ತು. ತಡೆಹಿಡಿದಿದ್ದ ಭಾಗವೂ ಕೊನೆಗೆ ಕೈಸೇರಿತು. ಉಳಿದದ್ದು ಹೋಯಿತು, ಬರುವುದಿಲ್ಲ. ಭಾಬಿ ಅದನ್ನು ಆಗಾಗ ಜ್ಞಾಪಿಸಿಕೊಂಡು ಆ ಕಳ್ಳನಿಗೆ ಉರ್ದುವಿನಲ್ಲಿ ತಮೀಜಿಲ್ಲದೆ ಏನೋ ಹೇಳುತ್ತಾರೆ. ರಿಫಂಡನ್ನೂ ಕೈಸೇರಿದ ಭಾಗವನ್ನೂ ಕೂಡಿಸಿ ಅರ್ಧ ಲೋಡಿಗೆ ಹೇಳಿದ್ದರು. ಅದು ಇಳಿಯುವುದನ್ನು ಕಾಯುತ್ತ ನಾವು ಕೂತಿದ್ದ ಬೆಳಿಗ್ಗೆ, ಇನ್ನೂ ಒಬ್ಬ ಗಿರಾಕಿಯೂ ಬಂದಿರದ ಹೊತ್ತಿನಲ್ಲಿ, ಭಾಯ್ ಫೋನ್ ಹೊಡೆದುಕೊಂಡಿತು.

ಆ ಕಡೆಯಿಂದ ಸಲಾಂ. ಅದೇ ತಮೀಜು. ಈ ಸಲ ಅವನು ಮೋಸಹೋದವರ ದುಡ್ಡು ವಾಪಸ್ ಕೊಡಿಸುವ ಅಧಿಕಾರಿಯಂತೆ. ನಿಮ್ಮ ದುಡ್ಡೆಲ್ಲ ಸಿಕ್ಕಿದೆ ಜನಾಬ್, ಖಾತೆ ಸರಿಯಾಗಿದೆಯೇ ಎಂದು ನೋಡಬೇಕು, ಒಂದು ಗಳಿಗೆ.

ಡಬ್ಬಿ ಕೂಗಿತು. ಒಂದು ರೂಪಾಯಿ ಬಂದಿದೆ ಎಂದು ಇಡೀ ಬೀದಿಗೆ ಸಾರಿತು. ಪಾತ್ರೆ ಅಂಗಡಿಯವನು ತನ್ನ ಬಾಗಿಲಿನಿಂದ ಇತ್ತ ತಿರುಗಿದ. ಪರದೆಯ ಹಿಂದೆ ದಬ್ಬಳ ನಿಂತಿತು. ಭಾಯ್ ಕೈ ಅಭ್ಯಾಸಬಲದಿಂದ ಡಬ್ಬಿಯವರೆಗೆ ಹೋಯಿತು, ಮುಟ್ಟಿತು. ಕಣ್ಣಿನವರೆಗೆ ಏರದೆ ಅಲ್ಲೇ ನಿಂತಿತು. ಅವರು ಫೋನಿಗೆ, ನಾನು ಎಂದೂ ಕೇಳಿರದಷ್ಟು ಮರ್ಯಾದೆಯಿಂದ, ಜೀ ಹಾಂ, ಬಹಳ ಮೆಹರ್ಬಾನಿ, ಆಮೇಲೆ ಮಾಡಿ ಎಂದು ಹೇಳಿ ಇಟ್ಟರು. ಎದ್ದರು. ಟೋಪಿ ಸರಿಮಾಡಿಕೊಂಡರು. ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಜೀ?" ಎಂದರು ಒಳಗಿನಿಂದ ಭಾಬಿ.

"ಸ್ಟೇಷನ್‌ಗೆ. ನೀನು ಸಹಾಯವಾಣಿಗೆ ಹೇಳು. ಬಂದಿದ್ದು ಒಂದು ರೂಪಾಯಿ, ಎಲ್ಲಿಂದ ಬಂತು ಅಂತಾನೂ ಬರೆಸು. ಜೋರಾಗೇ ಹೇಳು."

ಪಾತ್ರೆ ಅಂಗಡಿಯವನಿಗೆ ಅರ್ಥವಾಗಲಿಲ್ಲ. "ಅಲ್ಲ ಭಾಯ್, ಏನೂ ಹೋಗಿಲ್ವಲ್ಲ, ಬಂದೈತಲ್ಲ! ದುಡ್ಡು ಬಂದಿದ್ದಕ್ಕೂ ಕಂಪ್ಲೇಂಟ್ ಕೊಡ್ತಾರೇನಯ್ಯ?"

ಭಾಯ್ ಮೆಟ್ಟಿಲ ಮೇಲೆ ನಿಂತು, ಶಟರ್ ಪೂರ್ತಿ ಮೇಲಿದೆಯೇ ಎಂದು ಒಮ್ಮೆ ಕತ್ತೆತ್ತಿ ನೋಡಿದರು.

"ಬೋಣಿ ಮಾಡ್ದೋನು ಕಣ್ಲಾ," ಎಂದರು. "ಬರಿಗೈಲಿ ಕಳ್ಸೋಕಾಗುತ್ತಾ?"